2.9 ಆಂಗ್‌ಸ್ಟ್ರಾಮ್ ಡೇಟಾ, ಆರ್-ಫ್ರೀ ಇಳಿಯುತ್ತಿಲ್ಲ: ವೇಟ್ ಎಷ್ಟು ಇಡಬೇಕು?

ಶಿರಸಿ_ಹಲಸು:
ಹರಳಿನ ಎಕ್ಸ್-ರೇ ಡೇಟಾದಿಂದ ಹಲಸಿನ ಬೀಜದ ಜ್ಯಾಕಲಿನ್ ಅನ್ನುವ ಪ್ರೋಟೀನಿನ ಪರಮಾಣು ಮಾಡೆಲ್ ಕಟ್ಟುತ್ತಿದ್ದೇನೆ. ಮ್ಯಾಪಿಗೆ (ಎಲೆಕ್ಟ್ರಾನ್ ಡೆನ್ಸಿಟಿಯ ನಕ್ಷೆ) ಚೆನ್ನಾಗಿ ಕೂರಲಿ ಅಂತ ಮಾಡೆಲ್ ತಿದ್ದುವ ರೆಫ್‌ಮ್ಯಾಕ್ ಪ್ರೋಗ್ರಾಮಿನಲ್ಲಿ ಎಕ್ಸ್-ರೇ ವೇಟ್, ಅಂದರೆ ಬಾಂಡ್-ಕೋನಗಳ ಆದರ್ಶ ಅಳತೆಗೆ ಎದುರಾಗಿ ಡೇಟಾಗೆ ಕೊಡುವ ತೂಕ, ಏರಿಸುತ್ತಾ ಹೋದೆ. ಆರ್-ವರ್ಕ್ (ಮಾಡೆಲ್ ತಿದ್ದಲು ಬಳಸಿದ ಡೇಟಾಗೂ ಮಾಡೆಲಿಗೂ ಇರುವ ವ್ಯತ್ಯಾಸ) ಶೇ. 20ಕ್ಕೆ ಇಳಿಯಿತು, ಆರ್-ಫ್ರೀ (ಬಳಸದೆ ಪಕ್ಕಕ್ಕಿಟ್ಟ ಡೇಟಾ ಜೊತೆಗಿನ ವ್ಯತ್ಯಾಸ) 31ರಲ್ಲೇ ಕೂತಿದೆ. ಬಾಂಡ್ ಆರ್‌ಎಂಎಸ್‌ಡಿ, ಅಂದರೆ ಬಾಂಡ್ ಉದ್ದಗಳು ಆದರ್ಶದಿಂದ ಸರಿದ ಸರಾಸರಿ ಅಳತೆ, 0.028 ಆಂಗ್‌ಸ್ಟ್ರಾಮ್. ಒಂದು ಲೂಪ್ (ಪ್ರೋಟೀನ್ ಸರಪಳಿಯ ಬಾಗಿದ ತುಂಡು) ಅಂತೂ ಡೆನ್ಸಿಟಿ ಒಳಗೆ ಬರುವುದೇ ಇಲ್ಲ. ಸರಿಯಾದ ನಂಬರ್ ಯಾವುದು?

ಕಾರವಾರ_ಕಡಲು:
ಎಲ್ಲ ಡೇಟಾಗೂ ಹೊಂದುವ ನಂಬರ್ ಇಲ್ಲ ಮಾರಾಯ. ನಿನ್ನದು ಜಾಸ್ತಿ ಆಗಿದೆ, ಅದಂತೂ ಖಂಡಿತ. 2.9 ಆಂಗ್‌ಸ್ಟ್ರಾಮ್ ರೆಸಲ್ಯೂಷನ್ನಿನಲ್ಲಿ ಡೇಟಾ ಕಡಿಮೆ, ಪರಮಾಣು ಜಾಸ್ತಿ. ವೇಟ್ ಏರಿಸಿದರೆ ಮಾಡೆಲ್ ಗದ್ದಲಕ್ಕೂ ಹೊಂದಿಕೊಳ್ಳುತ್ತದೆ. ಆಗ ಆರ್-ವರ್ಕ್ ಇಳಿಯುತ್ತದೆ, ಆರ್-ಫ್ರೀ ಅಲುಗುವುದಿಲ್ಲ. ಸ್ಫಟಿಕವಿಜ್ಞಾನಿ ಬ್ರೂಂಗರ್ 1992ರಲ್ಲಿ ಆರ್-ಫ್ರೀ ತಂದದ್ದೇ ಇದನ್ನು ಹಿಡಿಯಲಿಕ್ಕೆ. ಆಟೋ ವೇಟ್ ಇಡು. ಬಾಂಡ್ 0.01ರ ಆಸುಪಾಸಿಗೆ ಬರುವವರೆಗೆ ಇಳಿಸು, ಒಂದೊಂದು ಹೆಜ್ಜೆಗೂ ಆರ್-ಫ್ರೀ ನೋಡು. ಟೆಸ್ಟ್ ಸೆಟ್ (ಆ ಪಕ್ಕಕ್ಕಿಟ್ಟ ಡೇಟಾ) ಮಾತ್ರ ಬದಲಿಸಬೇಡ.

ಲೂಪ್ ಕತೆಯೇ ಬೇರೆ. ಅಲ್ಲಿ ರಿಜಿಸ್ಟರ್ ತಪ್ಪಿರಬಹುದು, ಅಂದರೆ ಅಮೈನೋ ಆಮ್ಲಗಳು ತಮ್ಮ ಜಾಗದಿಂದ ಸರಿದು ಕೂತಿರಬಹುದು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ ಮೇಲೆ ಎಷ್ಟು ಎಳೆದರೂ ನೆಟ್ಟಗಾಗುತ್ತದಾ? ವೇಟ್ ಏರಿಸುವುದು ಅಂದರೆ ಆ ಎಳೆದಾಟ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಬಿಡಿಸಿ 1996ರಲ್ಲಿ ಪ್ರಕಟಿಸಿದ ಜ್ಯಾಕಲಿನ್ ರಚನೆ ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಯಲ್ಲಿದೆ, ಸಂಕೇತ 1ಜೆಎಸಿ. ಪಕ್ಕದಲ್ಲಿ ತೆರೆದಿಟ್ಟು ಲೂಪ್ ಹೋಲಿಸು.

ಗೋಕರ್ಣ_ಬೀಟಾ:
ಮಾಡೆಲನ್ನು ಮ್ಯಾಪಿನಲ್ಲಿ ಕೈಯಾರೆ ಕೂರಿಸುವ ಕೂಟ್ ಪ್ರೋಗ್ರಾಮಿನಲ್ಲೂ ಒಂದು ವೇಟ್ ಇದೆ, ಅದನ್ನು ಇದರ ಜೊತೆ ಕಲಸಬೇಡಿ. ಅದು ಮ್ಯಾಪಿನ ಸ್ಕೇಲ್ ಮೇಲೆ ನಿಂತಿದೆ. ಹಳೆಯ ಡೀಫಾಲ್ಟ್ 60 ಅಂತ ಕಣ್ಣು ಮುಚ್ಚಿ ಇಟ್ಟುಕೊಂಡು, ಆಮೇಲೆ ಶಾರ್ಪನ್ ಮಾಡಿದ ಮ್ಯಾಪ್ ಹಾಕಿದರೆ ಸೈಡ್ ಚೈನ್‌ಗಳು (ಅಮೈನೋ ಆಮ್ಲಗಳ ಪಕ್ಕದ ಕೊಂಬೆಗಳು) ಸೊಟ್ಟಗಾಗುತ್ತವೆ. ಮ್ಯಾಪ್ ಬದಲಾದಾಗಲೆಲ್ಲ ಎಸ್ಟಿಮೇಟ್ ಬಟನ್ ಒತ್ತಿ. ಮಾಡೆಲ್ ತಿದ್ದುವ ಇನ್ನೊಂದು ಪ್ರೋಗ್ರಾಮ್ ಫೀನಿಕ್ಸ್‌ನಲ್ಲಿ ವೇಟ್ ಆಪ್ಟಿಮೈಸೇಷನ್ ಇದೆ, ಒಳ್ಳೆಯದೇ. ಆದರೆ ಬೇರೆ ಬೇರೆ ವೇಟ್ ಹಾಕಿ ಮತ್ತೆ ಮತ್ತೆ ಓಡಿಸುತ್ತದೆ, ತುಂಬಾ ಹೊತ್ತು ಹಿಡಿಯುತ್ತದೆ. ಶಿರಸಿ ಮಳೆಗೆ ಕರೆಂಟ್ ನಂಬಿ ಮನೆಯ ಲ್ಯಾಪ್‌ಟಾಪಿನಲ್ಲಿ ಹಚ್ಚಬೇಡಿ!

ಶಿರಸಿ_ಹಲಸು:
ಕಡಲಣ್ಣಾ, ಲೂಪ್ ಒಂದು ರೆಸಿಡ್ಯೂ (ಸರಪಳಿಯ ಒಂದು ಅಮೈನೋ ಆಮ್ಲ) ಸರಿದಿತ್ತು. ಸರಿಮಾಡಿ ವೇಟ್ ಇಳಿಸಿದೆ. ಬಾಂಡ್ 0.009, ಆರ್-ವರ್ಕ್ 23, ಆರ್-ಫ್ರೀ 28. ರಾಮಚಂದ್ರನ್ ಔಟ್‌ಲೈಯರ್ (ಸರಪಳಿಯ ತಿರುವಿನ ಕೋನ ಅಸಹಜವಾಗಿರುವ ಜಾಗ) ಎರಡು ಉಳಿದಿವೆ. ವೇಟ್ ಇನ್ನೂ ಇಳಿಸಲಾ?

ಕಾರವಾರ_ಕಡಲು:
ಬೇಡ. ಮೊದಲು ಆ ಎರಡೂ ಕಡೆ ಪೆಪ್ಟೈಡ್ ಫ್ಲಿಪ್ ಮಾಡಿ (ಅಮೈನೋ ಆಮ್ಲಗಳ ನಡುವಿನ ಕೊಂಡಿ ಮಗುಚಿ) ನೋಡು. ಡಿಫರೆನ್ಸ್ ಮ್ಯಾಪಿನಲ್ಲಿ (ಡೇಟಾಗೂ ಮಾಡೆಲಿಗೂ ಹೊಂದದ ಕಡೆ ತೋರಿಸುವ ಮ್ಯಾಪ್) ಹಸಿರು-ಕೆಂಪು ಉಳಿದರೆ ಚಿತ್ರ ಹಾಕು.