ಪಹಣಿಯಲ್ಲಿ ಹೆಸರಿದ್ದವನೇ ರೈತ

(ಟೀ ಅಂಗಡಿ ಬೆಂಚು. ಕೇಂದ್ರ ಸರ್ಕಾರ ರೈತರ ಖಾತೆಗೆ ಹಾಕೋ ಪಿಎಂ ಕಿಸಾನ್ ಕಂತು ಕೆಲವರಿಗೆ ಬಿದ್ದಿದೆ, ಕೆಲವರಿಗೆ ಬಿದ್ದಿಲ್ಲ. ಸರ್ಕಾರಿ ಅರ್ಜಿಗಳ ಗ್ರಾಮ ಒನ್ ಕೇಂದ್ರ ನಡೆಸೋ ಶಿವು ಸಿಕ್ಕಿಬಿದ್ದಿದ್ದಾನೆ.)

ಕೆಂಪಣ್ಣ: ಅಲ್ಲ ಕಣಯ್ಯ, ಎರಡು ಗುಂಟೆಯವನಿಗೂ 2000, ಐವತ್ತೆಕರೆ ಗೌಡ್ರಿಗೂ 2000. ಇದ್ಯಾವ ಲೆಕ್ಕ?

ಶಿವು: ವರ್ಷಕ್ಕೆ 6000, ನಾಲ್ಕು ತಿಂಗಳಿಗೊಂದು ಕಂತು. ಮೊದಲು ಎರಡು ಹೆಕ್ಟೇರ್, ಅಂದ್ರೆ ಐದೆಕರೆ ಮಿತಿ ಇತ್ತು. 2019ರ ಜೂನ್‌ನಲ್ಲಿ ಅದನ್ನ ತೆಗೆದ್ರು. ಈಗ ಅಳತೆ ಕೇಳಲ್ಲ, ಹೆಸರು ಕೇಳ್ತಾರೆ.

ಮೇಷ್ಟ್ರು: ಪಹಣಿ ನನ್ನ ಹೆಸರಲ್ಲೇ ಇದೆಯಲ್ಲೋ!

ಶಿವು: ನೀವು ಸರ್ಕಾರಿ ನೌಕರಿ ಮಾಡಿ ರಿಟೈರಾದೋರು, ಬರಲ್ಲ. ನಿಮ್ಮ ಶಾಲೆ ಜವಾನ ಡಿ ಗ್ರೂಪು, ಅವನಿಗೆ ಬರುತ್ತೆ.

ಮೇಷ್ಟ್ರು: ನಮ್ಮನೆಯವಳ ಹೆಸರಿಗೆ ಬರೆದ್ರೆ?

ಶಿವು: ಗಂಡ, ಹೆಂಡ್ತಿ, ಹದಿನೆಂಟು ತುಂಬದ ಮಕ್ಕಳು ಸೇರಿ ಒಂದೇ ಕುಟುಂಬ. ಒಬ್ಬರಿಗೆ ಇಲ್ಲ ಅಂದ್ರೆ ಎಲ್ಲರಿಗೂ ಇಲ್ಲ. ಸಾಲದ್ದಕ್ಕೆ, 2019ರ ಫೆಬ್ರವರಿ 1 ಆದ್ಮೇಲೆ ಹೆಸರಿಗೆ ಬಂದ ಜಮೀನು ಲೆಕ್ಕಕ್ಕಿಲ್ಲ. ಮಾಲೀಕ ತೀರಿಕೊಂಡು ವಾರಸುದಾರರಿಗೆ ಬಂದಿದ್ರೆ ಮಾತ್ರ ಸರಿ.

ಕೆಂಪಣ್ಣ: ನೋಡಿ ಮೇಷ್ಟ್ರೇ, ದಾರಿ ಒಂದೈತೆ.

ಮೇಷ್ಟ್ರು: ಬಿಡ್ತು ಅನ್ನೋ!

ಬೋರ: ನಮ್ಮ ತಾತ ಹೋದ್ರು, ಅಪ್ಪನೂ ಹೋದ್ರು. ಪಹಣಿ ಮಾತ್ರ ತಾತನ ಹೆಸರಲ್ಲೇ ಐತೆ.

ಶಿವು: ಹಂಗಾದ್ರೆ ತಾತನೇ ಬಂದು ಇಕೆವೈಸಿಗೆ, ಅಂದ್ರೆ ಆಧಾರ್ ಗುರುತು ಖಾತ್ರಿಗೆ, ಬೆರಳೊತ್ತಬೇಕು! ಮೊದಲು ಪೌತಿ ಖಾತೆ ಮಾಡಿಸು, ಅಂದ್ರೆ ತೀರಿಕೊಂಡೋರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರೀಲಿ ಅರ್ಜಿ ಕೊಡು. ಅಣ್ಣತಮ್ಮಂದಿರ ಹೆಸರೂ ಸೇರಿ ಜಂಟಿ ಆದ್ರೂ ಚಿಂತೆಯಿಲ್ಲ, ಅರ್ಹ ಕುಟುಂಬಕ್ಕೆ ತಲಾ 6000. ಪಹಣಿಗೆ ಹೆಸರು ಕೂತ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ರಾಜ್ಯದ ರೈತರ ಪಟ್ಟಿ ಫ್ರೂಟ್ಸ್‌ನಲ್ಲಿ ಎಫ್‌ಐಡಿ, ಅಂದ್ರೆ ರೈತನ ಗುರುತಿನ ನಂಬರು, ಮಾಡಿಸು. ಎಲ್ಲ ಸರ್ವೆ ನಂಬರೂ ಸೇರಿಸ್ಬೇಕು. ಒಂದು ಬಿಟ್ರೆ ನಾಳೆ ಬೆಳೆ ಪರಿಹಾರದ ದುಡ್ಡು ಆ ಹೊಲಕ್ಕೆ ಬರಲ್ಲ. ಹಂಗೇ ಆಧಾರ್ ಹೆಸರೂ ನೋಡ್ಕೋ. ಅಲ್ಲಿ ಬೋರಯ್ಯ, ಇಲ್ಲಿ ಬೋರೇಗೌಡ ಅಂತಿದ್ರೆ ಮತ್ತೆ ಅಲೆದಾಟ.

ರಾಜು: ನಂದು ಎಲ್ಲ ಸರಿ ಐತೆ. ದುಡ್ಡು ಹೋಗಿದೆ ಅಂತ ಮೊಬೈಲಲ್ಲಿ ತೋರಿಸುತ್ತೆ, ಪಾಸ್‌ಬುಕ್ಕಲ್ಲಿಲ್ಲ.

ಶಿವು: ಸಿಮ್ ಅಂಗಡೀಲಿ ಬೆರಳೊತ್ತಿ ಒಂದು ಖಾತೆ ತೆಗೆದ್ಯಲ್ಲ? ಅಲ್ಲಿ ಕೂತಿರುತ್ತೆ. ದುಡ್ಡು ಬರೋದು ಆಧಾರ್ ಹಿಡ್ಕೊಂಡು. ಬ್ಯಾಂಕುಗಳ ನಡುವೆ ದುಡ್ಡು ಸಾಗಿಸೋ ಎನ್‌ಪಿಸಿಐ ಸಂಸ್ಥೆ ಪಟ್ಟೀಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಆ ಪಟ್ಟೀಗೆ ಸೇರಿಸೋದೇ ಸೀಡಿಂಗ್, ಕೊನೇಲಿ ಸೀಡಿಂಗ್ ಆಗಿದ್ದೇ ಗೆಲ್ಲೋದು. ಮೈ ಆಧಾರ್ ವೆಬ್‌ಸೈಟಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತು, ಯಾವ ಬ್ಯಾಂಕು ಅಂತ ಹೇಳುತ್ತೆ. ಬ್ಯಾಂಕಿನೋರು ‘ಆಧಾರ್ ಲಿಂಕ್ ಆಗೈತೆ ಹೋಗಪ್ಪ’ ಅಂದ್ರೆ ಎದ್ದು ಬರಬೇಡ. ಡಿಬಿಟಿಗೆ, ಅಂದ್ರೆ ಸರ್ಕಾರದ ದುಡ್ಡು ನೇರ ಖಾತೆಗೆ ಬೀಳೋಕೆ, ಸೀಡಿಂಗ್ ಆಗಿದ್ಯಾ ಅಂತ ಕೇಳು.

ಕೆಂಪಣ್ಣ: ರಾಜ್ಯದ್ದು 4000 ಸೇರ್ತಿತ್ತಲ್ಲ?

ಶಿವು: ಅದು ಸರ್ಕಾರದ ಜೊತೆ ಬಂತು, ಸರ್ಕಾರದ ಜೊತೆ ಹೋಯ್ತು.

ಚೆನ್ನ: ಮೇಷ್ಟ್ರ ಎರಡೆಕರೇನ ವಾರಕ್ಕೆ, ಅಂದ್ರೆ ಬೆಳೆ ಪಾಲಿಗೆ, ಮಾಡ್ತಿರೋನು ನಾನು. ನನಗೆ?

ಶಿವು: ಕಾಗದದಲ್ಲಿ ನೀನೇ ಇಲ್ಲ ಚೆನ್ನ. 1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿ ಪದ್ಧತೀನೇ ತೆಗೀತು. ಸೈನಿಕರು, ನಾವಿಕರ ಜಮೀನಿನಂಥ ಕೆಲವು ಬಿಟ್ರೆ ಗೇಣಿಗೆ ಕೊಡೋ ಹಂಗೇ ಇಲ್ಲ. ಅದಕ್ಕೇ ಬಾಯಿಮಾತಲ್ಲೇ ವಾರ. ನಿನಗೆ ಚೀಟಿ ಬರ್ಕೊಡೋಕೆ ಮೇಷ್ಟ್ರಿಗೆ ಧೈರ್ಯ ಬರುತ್ತಾ?

(ಮೇಷ್ಟ್ರು ಟೀ ಲೋಟದೊಳಗೆ ಇಣುಕುತ್ತಾರೆ.)

ಚೆನ್ನ: ಅವರಿಗೂ ಬರಲ್ಲ, ನನಗೂ ಬರಲ್ಲ. ಮತ್ತೆ ಆ ಎರಡೆಕರೇನ ಸರ್ಕಾರದ ಲೆಕ್ಕದಲ್ಲಿ ಉಳ್ತಿರೋರು ಯಾರು?

ಕೆಂಪಣ್ಣ: ಎತ್ತುಗಳು ಕಣ್ಲಾ! ಅವುಗಳ ಕಿವಿಗೆ ಆಧಾರ್ ಥರ ಹನ್ನೆರಡಂಕಿ ಓಲೆ ಹಾಕಾಯ್ತು. ಇನ್ನು ಸೀಡಿಂಗ್ ಒಂದೇ ಬಾಕಿ.