ತಂಬಾಕು ಕಂಪನಿ ರೊಕ್ಕದಲ್ಲಿ ನಡೆದ ಸಂಶೋಧನೆಯನ್ನು ಎಷ್ಟು ನಂಬಬೇಕು?

ಸಪ್ತಾಪುರ_ಓದುಗಿ:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್ಸಿ ಓದ್ತಾ ಇದ್ದೇನೆ. ಗದಗದಲ್ಲಿರುವ ನಮ್ಮ ಕಾಕಾ ನಿವೃತ್ತ ವಿಜ್ಞಾನ ಮಾಸ್ತರು. ದಿನಾ ಮುಂಜಾನೆ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಾ ಸಿಗರೇಟ್ ಸೇದುತ್ತಾರೆ, ಪಕ್ಕದಲ್ಲೇ ಕಾಕು ಕಾಯಿಪಲ್ಲೆ ಹೆಚ್ಚುತ್ತಾ ಕೂತಿರುತ್ತಾರೆ. ಕಾಕುಗೆ ಈಚೆಗೆ ಕೆಮ್ಮು ಜಾಸ್ತಿ ಆಗಿದೆ. ಹೊರಗೆ ಹೋಗಿ ಸೇದ್ರಿ ಅಂದೆ. ಅದಕ್ಕೆ ಅವರು ವಾಟ್ಸಾಪಿನಲ್ಲಿ ಒಂದು ಅಧ್ಯಯನ ಕಳಿಸಿದ್ದಾರೆ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು, ಎನ್‌ಸ್ಟ್ರಾಮ್ ಮತ್ತು ಕಬಾಟ್ ಅನ್ನೋರು ಬರೆದದ್ದು. ಕ್ಯಾಲಿಫೋರ್ನಿಯಾದಲ್ಲಿ ತಾವು ಸೇದದೇ ಇರುವ 35,000ಕ್ಕೂ ಹೆಚ್ಚು ಜನರ ಲೆಕ್ಕ ನೋಡಿದರೆ, ಗಂಡ ಅಥವಾ ಹೆಂಡತಿ ಸೇದಿದ ಹೊಗೆಯಿಂದ ಸಾವು ಹೆಚ್ಚುತ್ತದೆ ಅನ್ನೋದಕ್ಕೆ ಆಧಾರ ಸಿಗಲಿಲ್ಲವಂತೆ.

ಪೂರ್ತಿ ಲೇಖನ ಇಳಿಸಿಕೊಂಡು ಓದಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತಂಬಾಕು ಕಂಪನಿಗಳ ರೊಕ್ಕದ ವಿಷಯ ಇದೆ. ಅದನ್ನು ಹೇಳಿದರೆ ಕಾಕಾ, "ರೊಕ್ಕ ಯಾರದಾದರೇನು ತಂಗೀ, ಲೆಕ್ಕ ಸರಿ ಇದ್ದರೆ ಆಯ್ತಲ್ಲ?" ಅಂದರು. ಪ್ರಶ್ನೆ ನ್ಯಾಯವಾಗಿದೆ ಅನಿಸಿತು. ಏನು ಉತ್ತರ ಕೊಡಲಿ?

ನವನಗರ_ಹುಬ್ಬಳ್ಳಿ:
ತಂಗೀ, ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ, ಈ ಅಧ್ಯಯನವನ್ನು ಪ್ರತಿ ವರ್ಷ ತರಗತಿಯಲ್ಲಿ ತೆಗೆಯುತ್ತೇವೆ. ಅದರಲ್ಲಿ ಕೂಡು ಕಳೆ ಲೆಕ್ಕ ತಪ್ಪಿಲ್ಲ. ಯಾರನ್ನು ಯಾರ ಜೊತೆ ಹೋಲಿಸಿದರು ಅನ್ನೋದನ್ನು ನೋಡು.

ಆ ಮಾಹಿತಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರು 1959ರಿಂದ ಕೂಡಿಸಿದ್ದು. ಆ ಕಾಲದ ಅಮೆರಿಕದಲ್ಲಿ ಆಫೀಸು, ಹೋಟೆಲು, ವಿಮಾನ, ಎಲ್ಲಾ ಕಡೆ ಸೇದುತ್ತಿದ್ದರು. ಗಂಡ ಸೇದದಿದ್ದರೂ ಹೆಂಡತಿ ಮನೆ ಹೊರಗೆ ಹೊಗೆ ಕುಡಿಯುತ್ತಿದ್ದಳು. ಅಂದರೆ "ಹೊಗೆ ತಾಗದವರು" ಅಂತ ಯಾರನ್ನು ಒಂದು ಕಡೆ ಇಟ್ಟರೋ ಅವರಿಗೂ ಹೊಗೆ ತಾಗಿತ್ತು. ಇನ್ನೊಂದು ಕಡೆ, 1972ರ ನಂತರ ಗಂಡ ಸೇದೋದು ಬಿಟ್ಟನಾ, ತೀರಿಕೊಂಡನಾ ಅನ್ನೋದರ ಸರಿಯಾದ ಮಾಹಿತಿ ಇಲ್ಲದೆ ಸಾವುಗಳನ್ನು ಮಾತ್ರ 1998ರ ತನಕ ಎಣಿಸಿದರು. ಎರಡೂ ಗುಂಪು ಹೀಗೆ ಕಲಸಿಹೋದ ಮೇಲೆ ವ್ಯತ್ಯಾಸ ಎಲ್ಲಿಂದ ಕಾಣಬೇಕು? ಈ ಕೆಲಸಕ್ಕೆ ಈ ಮಾಹಿತಿ ಸಾಲದು ಅಂತ ಅದನ್ನು ಕೂಡಿಸಿದ ಸೊಸೈಟಿಯವರೇ ಹೇಳಿದ್ದರು. ಆದರೂ ತಂಬಾಕು ಕಂಪನಿಗಳು ನಡೆಸುತ್ತಿದ್ದ ಒಂದು ಸಂಶೋಧನಾ ಕೇಂದ್ರ ರೊಕ್ಕ ಕೊಟ್ಟಿತು, ಕೆಲಸ ಮುಂದುವರಿಯಿತು.

ಕಾಕಾ ಅವರ ಪ್ರಶ್ನೆಗೆ ನೇರ ಉತ್ತರವೂ ಇದೆ. 1998ರಲ್ಲಿ ಬಾರ್ನ್ಸ್ ಮತ್ತು ಬೆರೊ ಅನ್ನೋರು ಪಕ್ಕದವರ ಹೊಗೆಯ ಬಗ್ಗೆ ಬಂದ 106 ವಿಮರ್ಶಾ ಲೇಖನ, ಅಂದರೆ ಆಗಲೇ ನಡೆದ ಅಧ್ಯಯನಗಳನ್ನು ಒಟ್ಟಿಗೆ ಓದಿ ತೀರ್ಮಾನ ಹೇಳುವ ಲೇಖನ, ಕೂಡಿಸಿ ನೋಡಿದರು. ತಂಬಾಕು ಕಂಪನಿಗಳ ನಂಟಿದ್ದವರು ಬರೆದದ್ದು 31, ಅದರಲ್ಲಿ 29 "ತೊಂದರೆ ಇಲ್ಲ" ಅಂದಿದ್ದವು. ನಂಟಿಲ್ಲದವರು ಬರೆದ 75ರಲ್ಲಿ ಹಾಗೆ ಅಂದದ್ದು 10 ಮಾತ್ರ. ಲೇಖನದ ಗುಣಮಟ್ಟ, ಬಂದ ವರ್ಷ, ತಜ್ಞರು ಪರಿಶೀಲಿಸಿದ್ದರೋ ಇಲ್ಲವೋ, ಎಲ್ಲಾ ತಾಳೆ ನೋಡಿದರು. ತೀರ್ಮಾನ ಯಾವ ಕಡೆ ವಾಲುತ್ತದೆ ಅಂತ ಹೇಳೋಕೆ ಆಗಿದ್ದು ಆ ನಂಟಿನಿಂದ ಮಾತ್ರ. ಮಾಸ್ತರಿಗೆ ಈ ಅಂಕಿಗಳನ್ನೇ ತೋರಿಸು.

ಮುಳಗುಂದ_ನಾಕಾ:
ಮೇಲಿನ ಸರ್ ಹೇಳಿದ್ದಕ್ಕೆ ಸ್ವಲ್ಪ ಇತಿಹಾಸ ಸೇರಿಸ್ತೀನಿ. ಸಿಗರೇಟಿನ ಟಾರನ್ನು (ಹೊಗೆಯಲ್ಲಿರುವ ಅಂಟು ಪದಾರ್ಥ) ಇಲಿಗಳ ಚರ್ಮಕ್ಕೆ ಹಚ್ಚಿದಾಗ ಕ್ಯಾನ್ಸರ್ ಬಂತು ಅಂತ 1953ರಲ್ಲಿ ಪ್ರಕಟವಾಯಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು, 1954ರ ಜನವರಿ 4ಕ್ಕೆ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು, ಜನರ ಆರೋಗ್ಯವೇ ನಮಗೆ ಮುಖ್ಯ, ನಾವೇ ಸಂಶೋಧನೆ ಮಾಡಿಸ್ತೀವಿ ಅಂತ ಮಾತು ಕೊಟ್ಟರು. ಸಮಿತಿ ಆಯ್ತು, ವಂಶವಾಹಿ ವಿಜ್ಞಾನದಲ್ಲಿ ದೊಡ್ಡ ಹೆಸರಿದ್ದ ಕ್ಲಾರೆನ್ಸ್ ಕುಕ್ ಲಿಟಲ್ ಅದರ ವೈಜ್ಞಾನಿಕ ನಿರ್ದೇಶಕರಾದರು. ರೊಕ್ಕ ಹೋಗಿದ್ದು ಎಲ್ಲಿಗೆ? ಕ್ಯಾನ್ಸರ್ ವಂಶದಿಂದ ಬರುತ್ತಾ, ವೈರಸ್‌ನಿಂದ ಬರುತ್ತಾ ಅನ್ನೋ ಕಡೆ ಬಹಳಷ್ಟು. ಒಳ್ಳೆ ವಿಜ್ಞಾನಿಗಳು, ಒಳ್ಳೆ ಕೆಲಸವೇ ಇರಬಹುದು. ಆದರೆ ಸಿಗರೇಟಿನ ಪ್ರಶ್ನೆ ಪಕ್ಕಕ್ಕೆ ಉಳಿಯಿತು, "ಇನ್ನೂ ಸಂಶೋಧನೆ ಆಗಬೇಕು" ಅನ್ನೋ ಮಾತು ಮಾತ್ರ ನಲವತ್ತು ವರ್ಷ ನಡೆಯಿತು. 1969ರ ಒಂದು ಕಂಪನಿಯ ಒಳ ಟಿಪ್ಪಣಿಯಲ್ಲಿ, ಅನುಮಾನವೇ ನಮ್ಮ ಸರಕು ಅಂತ ಬರೆದುಕೊಂಡಿದ್ದಾರೆ. ಆ ನಲವತ್ತು ವರ್ಷದಲ್ಲಿ ಸತ್ತವರನ್ನು ನೆನೆಸಿಕೊಂಡರೆ ನನಗೆ ಇವತ್ತೂ ಸಿಟ್ಟು ಬರುತ್ತದೆ.

ಬ್ಯಾಡಗಿ_ಹುಡುಗ:
ಒಂದು ಸಂದೇಹ. ಔಷಧಿ ಕಂಪನಿ, ಬೀಜದ ಕಂಪನಿ ಎಲ್ಲವೂ ತಮ್ಮ ಮಾಲಿನ ಮೇಲೆ ತಾವೇ ರೊಕ್ಕ ಹಾಕಿ ಪ್ರಯೋಗ ಮಾಡಿಸ್ತಾವೆ. ಹಾಗಿದ್ರೆ ಯಾವುದನ್ನೂ ನಂಬಬಾರದಾ? ಮತ್ತೆ ಇದೆಲ್ಲಾ ಅಮೆರಿಕದ ಕಥೆ. ನಮ್ಮ ಕಡೆ ಬೀಡಿ, ಎಲೆ ಅಡಿಕೆ ತಂಬಾಕು ಜಾಸ್ತಿ. ಅದರ ಮೇಲೆ ಇಲ್ಲಿ ಯಾರು ನೋಡಿದ್ದಾರೆ?

ನವನಗರ_ಹುಬ್ಬಳ್ಳಿ:
ಒಳ್ಳೆ ಪ್ರಶ್ನೆ ತಮ್ಮಾ. ಔಷಧಿಯ ವಿಷಯದಲ್ಲೂ ಹುಷಾರಾಗಿ ಓದಬೇಕು. ಆದರೆ ಅಲ್ಲಿ ಏನು ಅಳೆಯುತ್ತೇವೆ ಅಂತ ಮೊದಲೇ ನೋಂದಾಯಿಸಬೇಕು, ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳಿಗೆ 2009ರಿಂದ ಇದು ಕಡ್ಡಾಯ. ತಂಬಾಕಿನ ಕಥೆ ಬೇರೆ. ಆ ಮಾಲಿನಿಂದ ರೋಗಿಗೆ ಯಾವ ಲಾಭವೂ ಇಲ್ಲ, ಕಂಪನಿಗಳು ಹೇಗೆ ನಡೆದುಕೊಂಡವು ಅನ್ನೋದು 2006ರ ಅಮೆರಿಕದ ಕೋರ್ಟ್ ತೀರ್ಪಿನಲ್ಲೇ ದಾಖಲಾಗಿದೆ. ಕಾಕಾ ಕಳಿಸಿದ ಅಧ್ಯಯನ ಛಾಪಿಸಿದ ಅದೇ ಬ್ರಿಟಿಷ್ ಪತ್ರಿಕೆ 2013ರಲ್ಲಿ, ಇನ್ನು ಮುಂದೆ ತಂಬಾಕು ಕಂಪನಿಗಳ ರೊಕ್ಕದ ಸಂಶೋಧನೆ ತೆಗೆದುಕೊಳ್ಳುವುದಿಲ್ಲ ಅಂತ ತೀರ್ಮಾನಿಸಿತು.

ನಮ್ಮ ದೇಶದ ಮಾತಿಗೆ ಬಂದರೆ, 2015ರಲ್ಲಿ ಪಾಕೀಟಿನ ಮೇಲಿನ ಎಚ್ಚರಿಕೆ ಚಿತ್ರ ದೊಡ್ಡದು ಮಾಡೋ ವಿಷಯ ಬಂದಾಗ ಸಂಸತ್ತಿನ ಸಮಿತಿಯ ಅಧ್ಯಕ್ಷರೇ, ತಂಬಾಕಿನಿಂದ ಕ್ಯಾನ್ಸರ್ ಅನ್ನೋ ಅಧ್ಯಯನಗಳೆಲ್ಲ ಹೊರದೇಶದವು, ಭಾರತದ್ದು ಇಲ್ಲ ಅಂದಿದ್ದರು. ಆದರೆ ಮುಂಬೈನಲ್ಲಿ ಸಾಂಘ್ವಿ, ರಾವ್, ಖಾನೋಲ್ಕರ್ ಸೇರಿ ಸೇದುವ ಮತ್ತು ಜಗಿಯುವ ತಂಬಾಕಿಗೂ ಬಾಯಿ, ಗಂಟಲಿನ ಕ್ಯಾನ್ಸರಿಗೂ ಇರುವ ನಂಟನ್ನು 1955ರಲ್ಲೇ ಪ್ರಕಟಿಸಿದ್ದರು. 2008ರಲ್ಲಿ ಭಾರತದಲ್ಲೇ ನಡೆದ ದೊಡ್ಡ ಅಧ್ಯಯನ ಬಂತು: ಬೀಡಿ ಸೇದುವ ಗಂಡಸರ ಆಯಸ್ಸು ಸುಮಾರು 6 ವರ್ಷ, ಹೆಂಗಸರದು ಸುಮಾರು 8, ಸಿಗರೇಟ್ ಸೇದುವ ಗಂಡಸರದು ಸುಮಾರು 10 ವರ್ಷ ಕಡಿಮೆ.

ಸಪ್ತಾಪುರ_ಓದುಗಿ:
ತುಂಬಾ ಧನ್ಯವಾದ ಸರ್. 106 ಲೇಖನಗಳ ಲೆಕ್ಕ ಕಾಕಾಗೆ ಕಳಿಸಿದೆ. ಓದಿದ್ದಾರೆ, ಇನ್ನೂ ಏನೂ ಅಂದಿಲ್ಲ. ಆದರೆ "ಗಂಡ ಸೇದಿದ್ದರಿಂದ ಹೆಂಡತಿಗೆ ಬಂತು ಅಂತ ಯಾರಾದರೂ ಸರಿಯಾಗಿ ತೋರಿಸಿದ್ದಾರಾ" ಅಂತ ಮೊದಲೇ ಕೇಳಿದ್ದರು.

ಮುಳಗುಂದ_ನಾಕಾ:
ತೋರಿಸಿದ್ದಾರೆ. ಜಪಾನಿನ ತಾಕೇಶಿ ಹಿರಾಯಾಮ, 1981. ತಾವು ಸೇದದ 91,540 ಹೆಂಗಸರನ್ನು 14 ವರ್ಷ ಗಮನಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ. ಕಂಪನಿಗಳು ಬಹಿರಂಗವಾಗಿ ಅವರ ಲೆಕ್ಕ ತಪ್ಪು ಅಂದವು. ಅದೇ ವರ್ಷ ಉದ್ಯಮದ ಸಲಹೆಗಾರ ವಿಜ್ಞಾನಿಗಳೇ ಹಿರಾಯಾಮ ಹೇಳಿದ್ದು ಸರಿ ಅಂತ ಒಪ್ಪಿದ್ದರು ಅನ್ನೋ ಒಳ ಟಿಪ್ಪಣಿ ಆಮೇಲೆ ಹೊರಬಂತು. ಇದನ್ನೂ ಕಳಿಸು.

ಕಾಕು ಕೆಮ್ಮನ್ನು ಮೊದಲು ಡಾಕ್ಟರಿಗೆ ತೋರಿಸು, ವಾದ ಮುಗಿಯೋ ತನಕ ಕಾಯಬೇಡ. ಕಾಕಾಗೆ ಬಿಡಬೇಕು ಅನಿಸಿದರೆ 1800-11-2356ಕ್ಕೆ ಫೋನ್ ಮಾಡಲಿ, ಸರ್ಕಾರದ ಸಹಾಯವಾಣಿ, ರೊಕ್ಕ ಹತ್ತೋದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.