ಮೇಘಾ, ಪೆಟ್ಟಿಗೆ ತರುವ ಮುಂಚೆ ಇದನ್ನೊಮ್ಮೆ ಕೇಳು

ಮೇಘಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ. ತಾರಸಿ ಮೇಲೆ ಒಂದು ಜೇನುಪೆಟ್ಟಿಗೆ ಇಟ್ಟರೆ ಎಷ್ಟು ದಿನಕ್ಕೆ ತುಪ್ಪ ಸಿಗುತ್ತದೆ, ಮಾರಬಹುದಾ ಅಂತ ಕೇಳಿದ್ದೀಯ. ಚಿಕ್ಕಮ್ಮನ ಮೆಸೇಜ್ ಉದ್ದ ಇರುತ್ತದೆ, ಕೆಲಸ ಮಾಡುತ್ತಾ ಕೇಳು.

ಮೊದಲ ವರ್ಷ ತುಪ್ಪದ ಆಸೆ ಬಿಟ್ಟುಬಿಡು. ಹೊಸ ಕುಟುಂಬ ಎರಿ ಕಟ್ಟಬೇಕು, ಮರಿ ಬೆಳೆಸಬೇಕು, ಹೂವಿಲ್ಲದ ತಿಂಗಳಿಗೆ ಅಂತ ಕೂಡಿಡಬೇಕು. ಅದೆಲ್ಲ ಆಗಿ ಮಿಕ್ಕಿದರೆ ನಮ್ಮದು. ಹೂವಿನ ಕಾಲದಲ್ಲಿ ಒಂದು ಕೆಲಸಗಾರ ಜೇನು ಬದುಕುವುದೇ ಸುಮಾರು 6 ವಾರ. ಅಷ್ಟರಲ್ಲಿ ಅದು ಮಾಡುವ ತುಪ್ಪ ಒಂದು ಟೀ ಚಮಚವೂ ತುಂಬುವುದಿಲ್ಲ.

ಅದಕ್ಕೇ ಪೆಟ್ಟಿಗೆ ನೋಡುವ ಮುಂಚೆ ಬೀದಿ ನೋಡು. ಜೇನು ಒಂದು ಕಿಲೋಮೀಟರಿಗಿಂತ ಆಚೆಗೂ ಹೋಗಿ ಬರುತ್ತದೆ, ನಿನ್ನ ನಾಲ್ಕು ಕುಂಡ ಅದಕ್ಕೆ ಯಾವ ಲೆಕ್ಕ? ಸಾಲುಮರ, ಪಾರ್ಕು, ಖಾಲಿ ಸೈಟಿನ ಕಳೆಗಿಡ, ಇವು ಬೇಕು. ಸುತ್ತಮುತ್ತ ಆಗಲೇ ಹತ್ತಾರು ಪೆಟ್ಟಿಗೆ ಇದ್ದರೆ ನೀನು ಇಡಲೇಬೇಡ. ಇರುವ ಹೂವಿಗೆ ಎಲ್ಲವೂ ಮುಗಿಬೀಳುತ್ತವೆ, ಕುಟುಂಬ ಕಟ್ಟದೆ ಒಂಟಿಯಾಗಿ ಬದುಕುವ ಕಾಡು ಜೇನುಗಳ ಪಾಲೂ ಹೋಗುತ್ತದೆ. ಪ್ರಕೃತಿಗೆ ಒಳ್ಳೆಯದಾಗಲಿ ಅಂತ ಬರೆದಿದ್ದೀಯಲ್ಲ, ಅಂಥ ಕಡೆ ಹೂಗಿಡ ನೆಡುವುದೇ ವಾಸಿ.

ನೀರು ಮರೆಯಬೇಡ. ಅಗಲವಾದ ತಟ್ಟೆಯಲ್ಲಿ ಕಲ್ಲು ಹಾಕಿ ನೀರು ತುಂಬಿ, ಜೇನು ಬರುವ ಮೊದಲೇ ಇಡು. ಪಕ್ಕದ ಮನೆಯ ಸೋರುವ ನಲ್ಲಿ ಒಮ್ಮೆ ರೂಢಿಯಾದರೆ ಬಿಡಿಸುವುದು ಬಲು ಕಷ್ಟ. ಆಮೇಲೆ ಜಗಳ ನಿನ್ನದೇ! ಪೆಟ್ಟಿಗೆಯ ಬಾಗಿಲಿನ ಮುಂದೆ ಎತ್ತರದ ಗೋಡೆ ಅಥವಾ ಜಾಲರಿ ಇದ್ದರೆ ಅವು ಮೇಲೆದ್ದು ಹಾರುತ್ತವೆ, ಜನರ ಮುಖಕ್ಕೆ ಅಡ್ಡ ಬರುವುದಿಲ್ಲ.

ಜಾಗ ಮಾತ್ರ ಯೋಚಿಸಿ ಗೊತ್ತುಮಾಡು. ನಾನು ಮಾಡಿದ ಪೆದ್ದುತನ ಕೇಳು. ಟ್ಯಾಂಕ್ ರಿಪೇರಿಯವರಿಗೆ ಅಡ್ಡ ಆಗುತ್ತದೆ ಅಂತ ಮಟಮಟ ಮಧ್ಯಾಹ್ನ ಪೆಟ್ಟಿಗೆಯನ್ನು ಹತ್ತು ಹೆಜ್ಜೆ ಆಚೆ ಇಟ್ಟೆ. ಸಂಜೆ ಹೋಗಿ ನೋಡಿದರೆ ಪೆಟ್ಟಿಗೆ ಇಲ್ಲದ ಆ ಹಳೇ ಜಾಗದಲ್ಲೇ ಸುತ್ತುತ್ತಿವೆ. ಕಾಲಿನ ತುಂಬ ಪರಾಗ, ಇಳಿಸಲು ಮನೆಯಿಲ್ಲ. ಕತ್ತಲಾಗುವಾಗ ಬರೀ ನೆಲದ ಮೇಲೆ ಒಂದು ಬೊಗಸೆಯಷ್ಟು ಗುಂಪಾಗಿ ಕೂತಿದ್ದವು. ಪೆಟ್ಟಿಗೆ ವಾಪಸ್ ತಂದಿಟ್ಟ ಮೇಲೆ ಒಂದೊಂದೇ ನಡೆದು ಒಳಗೆ ಹೋದವು. ಅವು ನೆನಪಿಡುವುದು ಜಾಗವನ್ನು. ಸರಿಸಲೇಬೇಕಾದರೆ ದಿನಕ್ಕೆ ಒಂದೆರಡು ಅಡಿ, ಅಷ್ಟೇ.

ಕೈಗೆ ಆಗುವುದಾದರೆ ಎರಡು ಪೆಟ್ಟಿಗೆ ಇಡು. ಒಂದೇ ಇದ್ದರೆ ಯಾವುದು ಸರಿ, ಯಾವುದು ತಪ್ಪು ಅಂತ ಹೋಲಿಸುವುದು ಹೇಗೆ? ಒಂದರ ರಾಣಿ ಸತ್ತರೆ ಇನ್ನೊಂದರಿಂದ ಹೊಸ ಮೊಟ್ಟೆಯಿರುವ ಚೌಕಟ್ಟು ಕೊಡಬಹುದು, ಅವೇ ರಾಣಿ ಬೆಳೆಸಿಕೊಳ್ಳುತ್ತವೆ. ಹೂವಿನ ಕಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡು. ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯಂತೆ ಜೋತುಬಿದ್ದ ಕೋಶ ಕಂಡರೆ ಪಾಲಾಗಲು ತಯಾರಾಗಿವೆ ಅಂತ. ಹಳೇ ರಾಣಿ ಅರ್ಧ ಕುಟುಂಬ ಕಟ್ಟಿಕೊಂಡು ಹೊರಡುತ್ತದೆ. ಹೋಗಿ ಯಾರ ಮನೆ ಬಾಲ್ಕನಿಯಲ್ಲಿ ಕೂರುತ್ತದೋ!

ತುಪ್ಪ ತೆಗೆಯಲು ಅವಸರ ಬೇಡ. ಹೂವಿನ ರಸ ನೀರು ನೀರಾಗಿರುತ್ತದೆ, ಅವು ರೆಕ್ಕೆ ಬೀಸಿ ಆರಿಸಿ, ಆಮೇಲೆ ಮೇಣದ ಮುಚ್ಚಳ ಹಾಕುತ್ತವೆ. ನಾನು ಒಮ್ಮೆ ಮುಚ್ಚಳ ಹಾಕದ ಎರಿಯನ್ನೇ ಹಿಂಡಿದೆ. ಸ್ವಲ್ಪ ದಿನಕ್ಕೆ ಬಾಟಲಿ ತುಂಬ ನೊರೆ, ಹುಳಿ ವಾಸನೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಮುಚ್ಚಿದ ಮೇಲೇ ತೆಗೆ.

ಭಾವ, ನಿಮ್ಮ ಬಾಟಲಿ ಗಟ್ಟಿಯಾಗಿದೆ, ಸಕ್ಕರೆ ಬೆರೆಸಿದ್ದಾರೆ ಅಂದಿರಲ್ಲ, ಗಟ್ಟಿಯಾದ ಮಾತ್ರಕ್ಕೆ ಹಾಗೆ ಹೇಳೋಕಾಗಲ್ಲ. ಗ್ಲೂಕೋಸ್ ಜಾಸ್ತಿ ಇರುವ ತುಪ್ಪ ತಾನಾಗೇ ಹರಳುಗಟ್ಟುತ್ತದೆ. ಬೆಚ್ಚಗಿನ ನೀರಲ್ಲಿ ಬಾಟಲಿ ಇಡಿ, ಒಲೆ ಮೇಲೆ ಇಡಬೇಡಿ. ಅಕ್ಕಾ, ಮೊಮ್ಮಗುವಿಗೆ ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು.

ಮಾರುವ ವಿಷಯ ಆಮೇಲೆ ನೋಡೋಣ. ಮೊದಲು ನಿಮ್ಮ ಕಡೆಯ ನಿಯಮ ವಿಚಾರಿಸು, ಕೆಳಗಿನ ಮನೆಯವರನ್ನೂ ಒಂದು ಮಾತು ಕೇಳು. ಮನೆಯಲ್ಲಿ ಯಾರಿಗಾದರೂ ಹಿಂದೆ ಜೇನು ಕಚ್ಚಿ ಉಸಿರು ಕಟ್ಟಿದ್ದರೆ ಡಾಕ್ಟರ್ ಹತ್ತಿರ ಮಾತಾಡದೆ ಮುಂದುವರಿಯಬೇಡ.

ಭಾನುವಾರ ನನ್ನ ಪೆಟ್ಟಿಗೆ ತೆಗೆಯುತ್ತೇನೆ, ಬಾ. ಸುಮ್ನೆ ನೋಡು, ಹೊಗೆ ಹಾಕುವುದು ಕಲಿ. ತಿಳಿ ಬಣ್ಣದ ಬಟ್ಟೆ ಹಾಕು, ಸೆಂಟ್ ಬೇಡ. ಹಾಂ, ಬಾಳೆಹಣ್ಣು ತಿಂದು ಬರಬೇಡ. ಕಚ್ಚಿದಾಗ ಅವು ಬಿಡುವ ಎಚ್ಚರಿಕೆಯ ವಾಸನೆ ಹೆಚ್ಚುಕಮ್ಮಿ ಅದೇ.